ಹೂಂಗುಟ್ಟುವ ಕೆಲಸ

ಆರ್ಮಿಡೇಲ್, ಸಿಡ್ನಿಯಿಂದ ಐದಾರು ತಾಸು.
ಜುಲೈ. ಕಾರಿನ ಗಾಜಿಗೆ ಕಟ್ಟಿದ ಮಂಜನ್ನು
ಲೈಬ್ರರಿ ಕಾರ್ಡಿನಿಂದ ಕೆರೆದು ಬಂದು
ಏಳೂವರೆಗೆ ಬಾಗಿಲು ತೆಗೆಯುತ್ತೇನೆ.
ಭೂವಿಜ್ಞಾನದ ಲ್ಯಾಬು: ಮೂವತ್ತೆರಡು ಸ್ಟೂಲು,
ಮೂವತ್ತೆರಡೂ ಮೇಜಿನ ಮೇಲೆ ತಲೆಕೆಳಗು.

ಮೊದಲು ಟ್ರೇ ಹೊತ್ತು ತಿರುಗುವುದು ನನ್ನ ಕೆಲಸ:
ಗ್ರಾನೈಟು, ಬಸಾಲ್ಟು, ಕೈಗೆ ಹೊಳಪು ಹತ್ತುವ ಅಭ್ರಕ.
ಹುಡುಗರ ಮುಖ ನೆನಪಿರುತ್ತಿರಲಿಲ್ಲ, ಬೂಟು ನೆನಪಿರುತ್ತಿತ್ತು.
"ಉಪ್ಪುಕಲ್ಲು ನೆಕ್ಕಬೇಡಿ" ಎಂದು ಬೋರ್ಡು ಬರೆದವಳು ನಾನೇ.
ಪ್ರತಿವರ್ಷ ಒಬ್ಬ ನೆಕ್ಕುತ್ತಿದ್ದ.
ಕೊನೆಗೆ ಅವನೇ ಚೆನ್ನಾಗಿ ಪಾಸಾಗುತ್ತಿದ್ದ.

ಈಗ ಕಲ್ಲುಗಳೇ ಅಂಚೆಯಲ್ಲಿ ಹೋಗುತ್ತವೆ,
ಡಬ್ಬಿಗೆ ಹನ್ನೆರಡು, ಒಂದೊಂದಕ್ಕೂ ನಂಬರು.
ಬರ್ಕ್ ಊರಾಚೆ ಕುರಿ ಕತ್ತರಿಸುವವರ ಅಡುಗೆಯವನಿಗೆ,
ಡಾರ್ವಿನ್ನಿನ ರಾತ್ರಿಪಾಳಿಯ ನರ್ಸಿಗೆ,
ಒಂದು ಜೈಲಿಗೂ. ಅಲ್ಲಿಗೆ ಹೋಗುವ ಕಲ್ಲು
ಮುಷ್ಟಿಗಿಂತ ಚಿಕ್ಕದಿರಬೇಕು.
ವರ್ಷದ ಕೊನೆಗೆ ವಾಪಸು ಬರುತ್ತವೆ
ಊರೂರಿನ ಹಳೇ ಪೇಪರು ಸುತ್ತಿಕೊಂಡು.
ಮುದುಡಿದ್ದನ್ನು ಬಿಡಿಸಿ ಓದುತ್ತೇನೆ:
ಮಾರಾಟಕ್ಕಿರುವ ಟ್ರ್ಯಾಕ್ಟರು, ಕಳೆದುಹೋದ ನಾಯಿ,
ಯಾರದೋ ತೊಂಬತ್ತನೇ ಹುಟ್ಟುಹಬ್ಬ.
ನಮ್ಮ ವಿದ್ಯಾರ್ಥಿಗಳ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ.

ಕೆಲಸದ ಗಂಟೆ ತುಂಬುವ ಹೊಸ ಫಾರಂ ಬಂತು.
ಆಫೀಸಿನ ಡೆಸ್ಮಂಡ್, ಪಾಪ, ಅವನನ್ನೂ ಮೇಲಿನವರು ಕೇಳುತ್ತಾರೆ,
"ಪ್ಯಾಕಿಂಗು ಯಾವ ಕಾಲಂಗೆ?" ಎಂದ.
"ಇತರೆ" ಎಂದೆ.
"ಇತರೆಗೆ ವಾರಕ್ಕೆ ಎರಡೇ ಗಂಟೆ."

ಇನ್ನೊಂದು ಕೆಲಸವಿದೆ, ಅದು ಇತರೆಯಲ್ಲೂ ಇಲ್ಲ.

ಇಪ್ಪತ್ತು ವರ್ಷ ಪಾಠ ಮಾಡಿದ ಫೆನೆಲ್ಲಾಗೆ
ಕ್ಯಾಮೆರಾದ ಎದುರು ಮೊದಲ ದಿನ ಬಾಯಿ ಕಟ್ಟಿತು.
"ಈ ಹಸಿರು ದೀಪಕ್ಕೆ ಏನು ತಿಳಿಯಿತು, ಏನು ತಿಳಿಯಲಿಲ್ಲ,
ನನಗೆ ಹೇಗೆ ಗೊತ್ತಾಗಬೇಕು?"
ಮೂರು ಸಲ ಶುರುಮಾಡಿ ಮೂರು ಸಲ ನಿಲ್ಲಿಸಿ
ನನ್ನ ಕಡೆ ತಿರುಗಿದಳು. "ಇಂಡುಮಟಿ, ಇಲ್ಲಿ ಕೂರುತ್ತೀಯಾ?"

ಒಂದು ಸ್ಟೂಲು ಇಳಿಸಿ ಕೂತೆ.
ಮೂವತ್ತೈದು ಕೋಟಿ ವರ್ಷದ ಹಿಂದೆ, ಎಂದಳು,
ನಾವು ಕೂತಲ್ಲೇ ಸಮುದ್ರವಿತ್ತು.
ನನ್ನ ಬಾಯಿಂದ ತಾನಾಗಿ ಬಂತು: ಹೂಂ.

ಯಾರೂ ಕಲಿಸಿದ್ದಲ್ಲ. ಕತೆ ಹೇಳುವವರಿಗೆ
ಹೂಂಗುಡುವವರು ಬೇಕು ನಮ್ಮಲ್ಲಿ.
ಹೂಂ ನಿಂತರೆ ರಾಜಕುಮಾರ ಕಾಡಿನಲ್ಲೇ ನಿಲ್ಲುತ್ತಾನೆ.
ಸಮುದ್ರ ಹಿಂದೆ ಸರಿಯಿತು. ಹೂಂ.
ಕೆಸರು ಪದರ ಪದರವಾಗಿ ಕೂತಿತು. ಹೂಂ.
ಒತ್ತಿತು, ಬಾಗಿತು.
ಆಮೇಲೆ?
ಅವಳ ಎರಡೂ ಕೈ ಗಾಳಿಯಲ್ಲಿ ಬೆಟ್ಟ ಮಾಡತೊಡಗಿದವು.

ಹತ್ತು ವಾರ ಹೀಗೆ. ಒಮ್ಮೆ ನಾನು ಸುಮ್ಮನಿದ್ದೆ,
ನಿಜಕ್ಕೂ ಅರ್ಥವಾಗಿರಲಿಲ್ಲ. ಪಾಠ ನಿಂತಿತು.
ನನ್ನ ಊಟದ ಡಬ್ಬಿ ತೆಗೆದು, ಮೂರು ಚಪಾತಿ ಪೇರಿಸಿ,
ಎರಡೂ ಕಡೆಯಿಂದ ಒತ್ತಿ ತೋರಿಸಿದಳು.
ಆ ಚಪಾತಿಯನ್ನು ಇನ್ನು ಎಷ್ಟು ವರ್ಷ ಎಷ್ಟು ಜನ ನೋಡುತ್ತಾರೋ.
ಅವತ್ತು ನಾನು ಉಪ್ಪಿನಕಾಯಿ ಮಾತ್ರ ತಿಂದೆ.

ಎಡಿಟಿಂಗಿನ ಹುಡುಗ ನನ್ನ ಹೂಂಗಳನ್ನು ಹುಡುಕಿ ಹುಡುಕಿ ಕತ್ತರಿಸುತ್ತಾನೆ.
ಅವನ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇದೆ: ಗದ್ದಲ ನಿವಾರಣೆ.
ಆರನೇ ವಾರದಲ್ಲಿ ಒಂದು ತಪ್ಪಿಸಿಕೊಂಡಿತು.

ಮೊನ್ನೆ ಬರ್ಕಿನ ಡಬ್ಬಿ ವಾಪಸು ಬಂತು.
ನಮ್ಮ ಕಲ್ಲು ಹನ್ನೊಂದೇ. ಏಳನೆಯದರ ಜಾಗದಲ್ಲಿ
ನೀರು ನುಣುಪು ಮಾಡಿದ ಯಾವುದೋ ಕೆಂಪುಕಲ್ಲು.
ಜೊತೆಗೆ ಹಿಟ್ಟಿನ ಬೆರಳು ಮೂಡಿದ ಚೀಟಿ:
"ನಿಮ್ಮ ಏಳು ಕಳೆದುಹೋಯಿತು, ಕ್ಷಮಿಸಿ. ಇದು ಇಲ್ಲಿಯ ಹೊಳೆಯದು.
ಅಂದಹಾಗೆ ಆರನೇ ವಾರ, ಹತ್ತೊಂಬತ್ತನೇ ನಿಮಿಷದಲ್ಲಿ
ಯಾರೋ ಹೂಂ ಅಂದರಲ್ಲ,
ಅಡುಗೆಮನೆಯಲ್ಲಿ ನಾನೊಬ್ಬನೇ ಇದ್ದೆ.
ನಾನೂ ಅಂದೆ."

ಕೆಂಪುಕಲ್ಲಿನ ಬೆನ್ನಿಗೆ ಬಿಳಿ ಬಣ್ಣದಲ್ಲಿ ಏಳು ಬರೆದು
ಒಣಗಲು ಕಿಟಕಿಯಲ್ಲಿಟ್ಟೆ.
ಉತ್ತರದ ಪಟ್ಟಿ ತಿದ್ದಬೇಕು.
ಅದು ಯಾವ ಕಾಲಂಗೆ ಎಂದು
ಡೆಸ್ಮಂಡನನ್ನು ಕೇಳಲಿಲ್ಲ.