ಕಲಂ ಒಂಬತ್ತು

ಇಂಡಿಯಿಂದ ತಾಂಬಾಕ್ಕ ಹೋಗೂ ರಸ್ತಾ ಅಗಲ ಮಾಡತಾರಂತ,
ಗಿಡ ಎಣಿಸೂ ಕೆಲಸ ನನಗ ಬಂತು. ದಿನಗೂಲಿ.
ಒಂದು ಟೇಪು, ಸುಣ್ಣದ ಡಬ್ಬಿ, ಹನ್ನೊಂದು ಕಲಮಿನ ಫಾರಂ.
ಒಂಬತ್ತನೇದು: ‘ಅಸಹಜ ಬೆಳವಣಿಗೆ ಇದ್ದರೆ, ಕಾರಣ.’
ಹುಳ, ರೋಗ, ಗಾಯ. ಒಂದಕ್ಕ ಗೀಟು ಹಾಕಬೇಕು.
ಗೊತ್ತಿಲ್ಲ ಅನ್ನಾಕ ಜಾಗಾ ಇಲ್ಲ.

ಬಡಿಗೇರ ಮೌನಪ್ಪನ್ನ ಸಂಗಾಟ ಕರಕೊಂಡು ಹೊಂಟೆ.
ಆಂವ ಗಿಡ ನೋಡೂದು ಕೈಲೆ.

ಹೊಂಗಿ ಎಲಿಮ್ಯಾಲೆ ಗುಳ್ಳಿ, ಒಂದೊಂದೂ ಸಜ್ಜಿ ಕಾಳಿನಷ್ಟು.
ಉಗುರಿಲೆ ಸೀಳಿ, ‘ಒಳಗ ಬಾಡಿಗಿ ಮಂದಿ ಅದಾರ’ ಅಂದ.
ನನ್ನ ಕಣ್ಣಿಗೆ ಯಾರೂ ಬೀಳಲಿಲ್ಲ. ಹುಳ, ಬರಕೊಂಡೆ.

ಬನ್ನಿ ಟೊಂಗಿಗೆ ಗಂಟ ಗಂಟ. ಕಾಯಿ ಅನಕೊಂಡಿದ್ದೆ.
ಬೀಜಿಲ್ಲ, ತೂತೈತಿ;
ಇದ್ದಾಂವ ಮನಿ ಬಿಟ್ಟು ಹಾರಿ ಹೋಗ್ಯಾನ.

ಮಾವಿನ ಹೂ ಮುಷ್ಟಿ ಬಿಗಿದು ಕುಂತಿತ್ತು.
‘ರೋಗ’ ಅಂದ ಮೌನಪ್ಪ, ಎಲ್ಲೋ ನೋಡಿಕೋತ. ಖಾತ್ರಿ ಇರಲಿಲ್ಲ.
ಅದೇ ಗಿಡದ ಹೆಗಲಮ್ಯಾಲೆ ಬ್ಯಾರೆ ಎಲಿ, ಕೆಂಪು ಕೊಳವಿ ಹೂ.
‘ಬದನಿಕಿ. ಹಕ್ಕಿ ಕುಂಡಿ ಒರಸಿದಲ್ಲಿ ಹುಟ್ಟತೈತಿ.’
ಹಕ್ಕಿಗೆ ಕಲಮಿಲ್ಲ. ಖಾಲಿ ಬಿಟ್ಟೆ.

ನಲವತ್ತೊಂದನೇ ನಂಬರ, ಬೇವು.
ನೀಲಗಂಗವ್ವನ ಚಾದಂಗಡಿಗೆ ಅದರದೇ ನೆರಳು.
ಬುಡದಿಂದ ನಾಕೂವರಿ ಫೂಟಿಗೆ
ಕೊಡದಷ್ಟು ಗಂಟು, ತೊಗಟಿ ಸುಳಿ ಸುಳಿ ತಿರುಗೈತಿ.
ಮೌನಪ್ಪ ಕೊಡ್ಲಿ ಹಿಂಬದೀಲೆ ಬಡದ, ಕಿವಿ ಹಚ್ಚಿದ:
‘ಕಬ್ಬಿಣ ನುಂಗೈತಿ.’

ಚಾ ಸೋಸಿಕೋತ ಆಕಿ ಅಂದ್ಲು:
‘ನಾನಽ ಹೊಡದದ್ದು. ತೊಟ್ಟಲ ಕೊಂಡಿ.
ಈ ರಸ್ತಾಕ್ಕ ಜಲ್ಲಿ ಒಡಿಯೂ ಮುಂದ.
ನಾಕ ಮಕ್ಕಳದಾಗ ಯಾವುದಕ್ಕ ಹೊಡದೆ, ಮರತೈತಿ.
ಆದರ ಗಿಡ ಇಷ್ಟೆತ್ತರ ಆತು, ಕೊಂಡಿ ಇನ್ನೂ ನನ್ನ ಎದಿಮಟ್ಟಕ್ಕಽ ಐತಲ್ಲ?
ಮ್ಯಾಲೆ ಹೋಗಿರಬೇಕಾಗಿತ್ತು.’

‘ಗಿಡ ಬೆಳಿಯೂದು ತುದೀಲೆ, ಯವ್ವಾ.
ಬಡದದ್ದು ಬಡದಲ್ಲೇ ಇರತೈತಿ.
ಸುತ್ತಲೂ ದಪ್ಪ ಆಗತೈತಿ, ಅಷ್ಟಽ.’

‘ಗಾಯ’ದ ಮುಂದ ಪೆನ್ನು ಇಟ್ಟೆ.
ಆಕಿಗೆ ಓದಾಕ ಬರೂದಿಲ್ಲ, ಆದರೂ ಬಗ್ಗಿ ನೋಡಿದ್ಲು:
‘ಏನಂತ ಬರದಿ?’
ಚಾ ಬಿಸಿ ಇತ್ತು. ಬಾಯಿ ಸುಟ್ಟಿತು.

ಫಾರಮಿನ ಹಿಂದ ಸಣ್ಣ ಅಕ್ಷರ:
‘ಎದೆಮಟ್ಟದಲ್ಲಿ ಗಂಟಿದ್ದರೆ, ಗಂಟು ಬಿಟ್ಟು ಮೇಲೆ ಅಳೆಯಿರಿ.’
ಟೇಪು ಒಂದು ಗೇಣು ಮ್ಯಾಲೆ ಸರಿಸಿದೆ.
ಗಿಡದ ಆಚೀ ಕಡಿಂದ, ಹಿಂಬಡ ಎತ್ತಿ ನಿಂತು,
ಆಕಿ ಅದರ ತುದಿ ನನ್ನ ಕೈಗೆ ಕೊಟ್ಲು.
ಆರು ಫೂಟು ಎರಡಿಂಚು.
ಗಂಟು ಬಿಟ್ಟು.