ಐದು ಕಿಲೋ ಲೆಕ್ಕ

ಪೀಣ್ಯ ಎರಡನೇ ಹಂತ, ಪವರ್ ಪ್ರೆಸ್ಸಿನ ಪಕ್ಕ.
ಚೈನ್ ಪುಲ್ಲಿ ಬರುವತನಕ ಯಾಕೆ ಕಾಯಬೇಕೆಂದು
ನಲವತ್ತೆರಡು ಕಿಲೋದ ಡೈ ಎತ್ತಿದೆ.
ಎದ್ದದ್ದು ಡೈ ಅಲ್ಲ.
ಎಲ್-ನಾಲ್ಕು, ಎಲ್-ಐದರ ನಡುವೆ
ಒಣಗಿದ ಹುಣಸೆಕಾಯಿ ಮುರಿದ ಸದ್ದು.

ಕಂಪನಿ ಕೊಟ್ಟ ಪರಿಹಾರ: ಚೊಂಬು.
ಡಾಕ್ಟರು ಕೊಟ್ಟದ್ದು ಒಂದು ಬೆಲ್ಟು, ಒಂದು ಚೀಟಿ:
ಐದು ಕಿಲೋ ಮೇಲೆ ಎತ್ತಕೂಡದು.
ಎಷ್ಟು ದಿನ ಸಾರ್?
ಅವರು ಪೆನ್ನಿನ ಮುಚ್ಚಳ ಹಾಕಿದರು.

ಅಂದಿನಿಂದ ಎಲ್ಲದರ ತೂಕ ಗೊತ್ತು ನನಗೆ.
ತುಂಬಿದ ಕುಕ್ಕರು ನಾಲ್ಕೂವರೆ.
ತಂಗಿಯ ಮಗು ಹುಟ್ಟಿದಾಗ ಎರಡೂ ಮುಕ್ಕಾಲು,
ನಾಮಕರಣಕ್ಕೆ ನಾಲ್ಕು,
ಅನ್ನ ತಿನ್ನಲು ಕಲಿಯುವ ಹೊತ್ತಿಗೆ
ನನ್ನ ಲೆಕ್ಕದಾಚೆ.

ಇಂಥವನಿಗೆ ಬಿಯರು ಕಾಸುವ ಹುಚ್ಚು ಯಾಕೆ ಎಂದು
ಜಯಶೀಲಾ ಕೇಳಿದಳು.
ಸಿಲಿಂಡರು ಉರುಳಿಸಿಕೊಂಡು ಬರುವವಳು ಅವಳು,
ಕೇಳುವ ಹಕ್ಕಿದೆ.
ನನಗೂ ಸರಿಯಾಗಿ ಗೊತ್ತಿಲ್ಲ.
ಮಲಗಿಯೇ ಇದ್ದವನಿಗೆ
ಏನಾದರೊಂದು ಮೇಲೇಳುವುದನ್ನು ನೋಡಬೇಕಿತ್ತು.

ಬಲ್ಲವರು ಹೇಳಿಕೊಡುವುದು ಹೀಗೆ:
ಹಂಡೆ ಎತ್ತು, ಹಂಡೆ ಇಳಿಸು, ಹಂಡೆ ಬಗ್ಗಿಸು.
ನನ್ನ ಶಾಸ್ತ್ರ ಬೇರೆ.
ಖಾಲಿ ಇರುವಾಗಲೇ ಮೇಲಿಡು,
ಆಮೇಲೆ ತುಂಬು.

ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕಕ್ಕೆ
ಲಗ್ಗೆರೆಯ ನಮ್ಮ ಬೀದಿಗೆ ಕಾವೇರಿ ಬರುತ್ತಾಳೆ.
(ಬೋರ್‌ವೆಲ್ ನೀರಿನಲ್ಲಿ ಮಾಡಿದ ಮೊದಲ ಕಂತು
ಸೀಮೆಸುಣ್ಣ ನೆಕ್ಕಿದ ಹಾಗಿತ್ತು.)
ಕತ್ತಲಲ್ಲಿ ನಲ್ಲಿಯಿಂದ ಒಲೆಗೆ, ಒಲೆಯಿಂದ ನಲ್ಲಿಗೆ
ಸೊಂಟ ನೆಟ್ಟಗೆ, ಮಂಡಿ ಮಾತ್ರ ಬಗ್ಗಿಸಿ
ಕಳಶ ಹೊತ್ತವಳ ಹಾಗೆ ನಡೆಯುತ್ತೇನೆ.
ಹನ್ನೆರಡು ಲೀಟರು ಅಂದರೆ ಹನ್ನೆರಡು ಸಲ.
ಚೊಂಬು ಕಡೆಗೂ ಕೆಲಸಕ್ಕೆ ಬಂತು.

ಮೊಳಕೆ ಕಟ್ಟಿ ಒಣಗಿಸಿದ ರಾಗಿ ಒಂದು ಸೇರು,
ಬಾರ್ಲಿ ಮಾಲ್ಟು ಎರಡು ಕಿಲೋ,
ಅರವತ್ತಾರು ಡಿಗ್ರಿ, ಒಂದು ಗಂಟೆ.
ಮನೆಗೆಲ್ಲ ಹುರಿಹಿಟ್ಟಿನ ಘಮ.
ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟನಂತೆ.
ಹಿಟ್ಟು ಕುಡಿಯುವವನು
ಸೌಟಿನಲ್ಲಿ ಕಲಕುತ್ತಾನೆ, ಸ್ಟೂಲಿನ ಮೇಲೆ ಕೂತು.

ಕುದಿದು, ಹಾಪ್ಸಿನ ಕಹಿ ಹತ್ತಿ, ತಣ್ಣಗಾದ ಮೇಲೆ
ಕಟ್ಟೆಯಿಂದ ನೆಲದ ಬಕೆಟ್ಟಿಗೆ ಒಂದು ಪೈಪು.
ತುದಿ ತಗ್ಗಿಸಿದರೆ ಸಾಕು,
ಹೊರೆ ತಾನೇ ನಡೆದು ಹೋಗುತ್ತದೆ.
ಇಪ್ಪತ್ತಾರು ವರ್ಷ ಕಬ್ಬಿಣ ಎತ್ತಿದವನಿಗೆ
ಇದನ್ನು ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಚಾಪೆಯ ಮೇಲೆ ಅಂಗಾತ,
ಕಾಲು ಕುರ್ಚಿಯ ಮೇಲೆ,
ಫಿಸಿಯೋ ಅಸುಂತಾ ಮೇಡಂ ಹೇಳಿದ ಹಾಗೆ.
ಬಕೆಟ್ಟು ಕಿವಿಯ ಪಕ್ಕ.
ಮೊದಲ ದಿನ ಮಾತಿಲ್ಲ.
ಎರಡನೇ ದಿನ: ಗುಳುಕ್.
ಸ್ವಲ್ಪ ಹೊತ್ತು ಬಿಟ್ಟು, ಗುಳುಕ್.
ಒಳಗೆ, ಯಾರೂ ಕೈ ಹಾಕದೆ
ನೊರೆ ಏಳುತ್ತಿದೆ.

ಚರಟವೆಲ್ಲ ಪಿಳ್ಳಮ್ಮನ ಹಸುವಿಗೆ.
ನೀರು ಕುಡಿದು ಬಾತ ಕಾಳು, ತೂಗಿ ನೋಡಿದ್ದೆ,
ಆರೂವರೆ ಕಿಲೋ.
ಎಪ್ಪತ್ತರ ಹತ್ತಿರದವಳು ಬಂದು
‘ಒಸಿ ಕೈ ಕೊಡಪ್ಪಾ, ತಲೆ ಮ್ಯಾಲಿಕ್ಕೊಳ್ತೀನಿ’ ಅಂದಳು.
ನಾನು ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು
ಗೋಡೆಯ ಕ್ಯಾಲೆಂಡರು ಓದುತ್ತ ನಿಂತೆ.
ಅವಳು ಬೆಲ್ಟು ನೋಡಿದಳು.
ಬಕೆಟ್ಟನ್ನು ಮಂಡಿಗೆ, ಮಂಡಿಯಿಂದ ಸ್ಟೂಲಿಗೆ,
ಸ್ಟೂಲಿನಿಂದ ತಲೆಗೆ
ತಾನೇ ಏರಿಸಿಕೊಂಡು ಮೆಟ್ಟಿಲಿಳಿದಳು.
ಆ ರಾತ್ರಿ ಬಿಯರಿನ ಯೋಚನೆ ಬರಲಿಲ್ಲ.

ಮುಂದಿನ ಸಲ ತಂದದ್ದು ಎರಡು ಪೇಂಟಿನ ಡಬ್ಬ,
ಹಗ್ಗದ ಹಿಡಿ ಕಟ್ಟಿದ್ದು.
‘ಇದೊಂದು ನೀನಿಡ್ಕೊ.’
ಮೂರು ಕಿಲೋ ಚಿಲ್ಲರೆ.
ಕೊಟ್ಟಿಗೆಯತನಕ ಜೊತೆಗೆ ನಡೆದೆವು,
ಅವಳ ನಡಿಗೆಯೂ ನಿಧಾನವೇ.

ವಾಪಸು ಬಂದವಳು ಬಾಗಿಲಲ್ಲಿ ನಿಂತು
ಬಾಟಲಿಗಳ ಸಾಲು ನೋಡಿ
‘ಒಂದು ಕೊಡು, ದನಕ್ಕೆ’ ಅಂದಳು,
ಸೆರಗು ಸರಿಮಾಡಿಕೊಳ್ಳುತ್ತ.
ಜಯಶೀಲಾ ನಕ್ಕಳು.
ತುಂಬಿದ ಬಾಟಲಿ, ಒಂದು ಕಿಲೋದ ಮೇಲೆ ನೂರೈವತ್ತು ಗ್ರಾಂ.
ನಾನೇ ಎತ್ತಿ ಕೊಟ್ಟೆ.