ಉಕ್ತಲೇಖನ

ಬಾಣಾವರದ ಶಾಲೆಯಲ್ಲಿ ಹನ್ನೊಂದು ವರ್ಷ
ಕೆಂಪು ಶಾಯಿ ಸುರಿದಿದ್ದೇನೆ.
ಮೇಕೆ ತೋಟಕ್ಕೆ ನುಗ್ಗಿತು, ನಾನು ಓದುತ್ತೇನೆ.
ಮ್ಯಾಕೆ ತ್ವಾಟಕ್ಕೆ ನುಗ್ತು, ಮುದ್ದುರಂಗ ಬರೆಯುತ್ತಾನೆ.
ಸೊನ್ನೆ. ಹತ್ತು ಸಲ ತಿದ್ದಿ ಬರಿ.

ನಿನ್ನೆ ರಾತ್ರಿ, ಕರೆಂಟು ಹೋಗಿ ಬರುವ ನಡುವೆ,
ಮೂವತ್ತೆರಡು ಪುಸ್ತಕದ ತಪ್ಪು ಎಣಿಸುತ್ತ ಕೂತೆ.
ಗ್ವಾಡೆ ಇದೆ. ಪ್ಯಾಟೆ ಇದೆ.
ಕೋಳಿ ಮಾತ್ರ ಕೋಳಿ.
ಬೇಲಿ, ಬೇಲಿಯೇ.
ಒಬ್ಬನೂ, ಆ ಕಡೇ ಬೆಂಚಿನ ಸೋಮಾರಿಯೂ,
ಕ್ವಾಳಿ ಎಂದು ಬರೆದಿಲ್ಲ.

ಮುಂದೆ ಇಕಾರ ಕಾದಿದೆ ಅಂತ
ನಾಲಿಗೆಗೆ ಮೊದಲೇ ಗೊತ್ತು,
ಬಾಗಿಲು ಗಿಡ್ಡವೆಂದು ಬಲ್ಲವನು
ಜಗಲಿಯಲ್ಲೇ ತಲೆ ತಗ್ಗಿಸುವ ಹಾಗೆ.
ಇಲ್ಲದ ಕಡೆ ಬಾಯಿ ಅಗಲ ತೆರೆದು
ಆ ಎನ್ನುತ್ತದೆ.

ಯಾರು ಹೇಳಿಕೊಟ್ಟರು? ನಾನಂತೂ ಅಲ್ಲ.
ಅವರಜ್ಜಿ ಹೆಬ್ಬೆಟ್ಟು.

ಕಿವಿಯೂ ಹಿಂದೊಮ್ಮೆ ಕೆವಿ.
ಮೊದಲು ಕಿವಿ ಎಂದ ಹುಡುಗನ
ಕೆವಿ ಹಿಂಡಿದ ಮೇಷ್ಟರು ಯಾರೋ,
ಯಾವ ಊರಿನಲ್ಲೋ.

ಮುದ್ದುರಂಗನ ಸೊನ್ನೆಯ ಎಡಕ್ಕೆ
ಒಂದು ಎಳೆಯೋಣವೆಂದು ಪೆನ್ನೆತ್ತಿದೆ.
ಸೋಮವಾರ ಅರಸೀಕೆರೆಯಿಂದ ಸಾಹೇಬರು ಬರುತ್ತಾರೆ,
ಪುಸ್ತಕ ನೋಡುತ್ತಾರೆ.
ಕ್ಯಾಪು ಹಾಕಿದೆ.

ಬ್ಯಾಡ, ಅಂದುಕೊಂಡೆ.

ಬೇಡ ಅಂತಲ್ಲ.